ಕಣ್ಣಿನ ಪರೀಕ್ಷೆಯಲ್ಲಿ ಊರಿಗೆ ಊರೇ ಪಾಸು

ಸವದತ್ತಿಯಿಂದ ರಾಮದುರ್ಗದ ಕಡೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ ಬಂದರೆ ನಮ್ಮೂರು. ಅಲ್ಲಿಯ ಪಂಚಾಯಿತಿ ಗ್ರಂಥಾಲಯವನ್ನು ನೋಡಿಕೊಳ್ಳುವವಳು ನಾನು. ಪುಸ್ತಕ ಕೊಡುವುದು, ವಾಪಸು ತೆಗೆದುಕೊಳ್ಳುವುದು, ಇಷ್ಟೇ ಕೆಲಸ ಅಂದುಕೊಂಡು ಸೇರಿದ್ದೆ. ಈಗ ಮಕ್ಕಳಿಗೆ ಕತೆ ಓದಿ ಹೇಳಬೇಕು, ಹೆಂಗಸರಿಗೆ ಮೊಬೈಲಿನಲ್ಲಿ ಅರ್ಜಿ ತುಂಬಿಕೊಡಬೇಕು, ಬೇಸಿಗೆಯಲ್ಲಿ ಶಿಬಿರ ನಡೆಸಬೇಕು. ಇಲ್ಲಿ ದಿನಾ ಏನಾದರೊಂದು ನಡೆಯುತ್ತದೆಂಬ ಸುದ್ದಿ ಹಬ್ಬಿ, ಒಬ್ಬರು ಎಮ್ಮೆಯನ್ನು ಬಾಗಿಲ ತನಕ ಹೊಡೆದುಕೊಂಡು ಬಂದು, "ಅಕ್ಕಾರ, ದನದ ಡಾಕ್ಟರ್ ಬರೂದು ಇವತ್ತ ಅಲ್ರಿ?" ಎಂದು ಕೇಳಿದ್ದೂ ಉಂಟು. ಎಮ್ಮೆ ಒಳಗೆ ಬರಲು ತಯಾರಾಗಿಯೇ ಇತ್ತು.

ಕಣ್ಣಿನ ತಪಾಸಣೆ ಶಿಬಿರ ನಿಗದಿಯಾದದ್ದು ಇಂಥ ದಿನಗಳಲ್ಲೇ. ಬೈಲಹೊಂಗಲದಿಂದ ಡಾಕ್ಟರು ಬರುತ್ತಾರೆ, ಕಣ್ಣು ಮಂಜಾದವರಿಗೆ ಪುಕ್ಕಟೆ ಚಸ್ಮಾ ಕೊಡುತ್ತಾರೆ ಎಂದು ಮೇಲಿನವರು ತಿಳಿಸಿದರು. ಗೋಡೆಗೆ ಹಾಕುವ ಅಕ್ಷರದ ಹಾಳೆಯನ್ನು ಒಂದು ವಾರ ಮೊದಲೇ ಕಳಿಸಿಕೊಟ್ಟರು. ಮೇಲೆ ಒಂದೇ ದೊಡ್ಡ ಅಕ್ಷರ, ಕೆಳಗೆ ಹೋದಂತೆ ಸಣ್ಣದಾಗುತ್ತಾ ಹೋಗುವ ಸಾಲುಗಳು. ಬೆಳಕು ಚೆನ್ನಾಗಿ ಬೀಳುವ ಗೋಡೆಯನ್ನು ನೋಡಿ ಮೊಳೆ ಹೊಡೆದು ತೂಗುಹಾಕಿದೆ.

ಅದು ನಮ್ಮ ಮಾಸ್ತರ ಕಣ್ಣಿಗೆ ಬಿತ್ತು. ಕಣ್ಣಿಗೆ ಬಿತ್ತು ಅನ್ನುವುದಕ್ಕಿಂತ ಮೂಗಿಗೆ ಬಿತ್ತು ಅನ್ನಬೇಕು, ಅಷ್ಟು ಹತ್ತಿರ ಹೋಗಿ ನೋಡಿದರು. ಮಾಸ್ತರು ನಮ್ಮೂರ ಸಾಲೆಯಲ್ಲಿ ನನಗೂ, ನನ್ನ ಅಣ್ಣಂದಿರಿಗೂ, ಹೆಚ್ಚುಕಡಿಮೆ ಎಲ್ಲರಿಗೂ ಅಕ್ಷರ ಕಲಿಸಿ ನಿವೃತ್ತರಾದವರು.

"ತಂಗೀ, ಇದೇನವಾ?" ಎಂದರು.

"ಕಣ್ಣಿನ ಪರೀಕ್ಷಾ ಐತ್ರಿ ಸರ್. ಇದನ್ನ ಓದಿಸಿ ನೋಡತಾರ."

ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದದ್ದೇ ಮಾಸ್ತರು ನೆಟ್ಟಗಾದರು. "ತೊರಗಲ್ಲಿನಾಗೂ ಮಾಡಿದ್ರಂತ. ಅರ್ಧ ಊರು ಫೇಲ್ ಆಗೇತಿ. ನಮ್ಮೂರಾಗ ಹಂಗಾಗಬಾರದು," ಎಂದು ಹೇಳಿ ಕೋಟಿನ ಗುಂಡಿ ಹಾಕಿಕೊಂಡು ಹೊರಟುಹೋದರು.

ಮರುದಿನ ನಾನು ಬಾಗಿಲು ತೆಗೆಯುವ ಹೊತ್ತಿಗೆ ಕಟ್ಟೆಯ ಮೇಲೆ ಊರಿನ ಹಿರಿಯರೆಲ್ಲ ಕೂತಿದ್ದರು. ಮಾಸ್ತರ ಕೈಯಲ್ಲಿ ಬೆತ್ತ. ಅಕ್ಷರ ಬರುವವರಿಗೂ ಬಾರದವರಿಗೂ ಒಟ್ಟಿಗೇ ಪಾಠ ಶುರುವಾಯಿತು. ಹಾಳೆಯಲ್ಲಿ ಮೊದಲು ರ, ಅದರ ಕೆಳಗೆ ಗ ವ, ಆಮೇಲೆ ಟ ಪ ಲ, ಕೊನೆಗೆ ಇರುವೆ ಸಾಲಿನ ಹಾಗೆ ಕ ದ ಮ ನ ಗ ಡ. ಬರಿಯ ಅಕ್ಷರ ಯಾರ ನೆನಪಿನಲ್ಲೂ ನಿಲ್ಲದಿದ್ದಾಗ ಮಾಸ್ತರು ಅದಕ್ಕೊಂದು ಮಾತು ಕಟ್ಟಿಕೊಟ್ಟರು: "ರಾಜಾ ಗವಿಯಾಗ ಟಪಾಲ ಕದ್ದ ಮಾನಗೇಡಿ!" ವಾರವಿಡೀ ನಮ್ಮೂರಿನಲ್ಲಿ ಇದೇ ಮಂತ್ರ. ರೊಟ್ಟಿ ಬಡಿಯುವಾಗ, ನೀರು ತರುವಾಗ, ಬಸ್ಸಿಗೆ ಕಾಯುವಾಗ ಎಲ್ಲರ ಬಾಯಲ್ಲೂ ಆ ಮಾನಗೇಡಿ ರಾಜ. ಇದು ಹೀಗೆ ಓದುವ ಪರೀಕ್ಷೆಯಲ್ಲ ಎಂದು ನಾನು ಹೇಳಹೋದೆ. "ನೀ ಸುಮ್ಮನಿರು. ಮೊದಲಿಂದಲೂ ನಿನಗ ಪರೀಕ್ಷಾ ಅಂದ್ರ ಅಂಜಿಕಿ," ಎಂದು ಮಾಸ್ತರು ಬಾಯಿ ಮುಚ್ಚಿಸಿದರು. ಆ ಮಾತು ನಿಜವೇ ಆಗಿತ್ತು.

ಶಿಬಿರದ ದಿನ ಬಂದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಲು ಕೂತವರು ಟೆಂಪೋ ಓಡಿಸುವ ಚಾಚಾ. ಡಾಕ್ಟರು ಕೋಲಿನಿಂದ ಅಕ್ಷರ ತೋರಿಸುವ ಮೊದಲೇ ರ ಎಂದು ಹಿಡಿದು ಡ ತನಕ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಮಾಸ್ತರು ಬಾಗಿಲಲ್ಲಿ ನಿಂತು ತಲೆಯಾಡಿಸಿದರು. ಚಾಚಾನ ಹಿಂದೆ ಬಂದವರೂ ಪಾಸು. ಅವರ ಹಿಂದಿನವರೂ ಪಾಸು.

"ಏನ್ರಿ ಮೇಡಂ, ನಿಮ್ಮೂರ ನೀರಾಗ ಏನರ ಐತೇನ್ರಿ?" ಎಂದು ಡಾಕ್ಟರು ನನ್ನನ್ನು ಕೇಳಿದರು. "ಇಷ್ಟ ವಯಸ್ಸಿನಾಗ ಎಲ್ಲಾರಿಗೂ ತಳದ ಸಾಲು ಕಾಣತೈತಲ್ರಿ!"

ನಾನು ಕೆಮ್ಮಿದೆ.

ಆಗ ಕಾಯಿಪಲ್ಲೆ ಮಾರುವ ಅಜ್ಜಿ ಒಳಗೆ ಬಂದಳು. ಬರುವಾಗ ಬೆಂಚಿಗೆ ಡಿಕ್ಕಿ ಹೊಡೆದು, "ಸರಿಯೋ ಯಪ್ಪಾ, ದಾರಿಯಾಗ ನಿಂತೀಯಲ್ಲ," ಎಂದು ಬೆಂಚಿಗೆ ಬೈದಳು. ಮೊಳೆಗೆ ನೇತುಹಾಕಿದ್ದ ಡಾಕ್ಟರ ಬಿಳಿ ಕೋಟಿಗೆ ಕೈಮುಗಿದು, "ಶರಣ್ರಿ ಡಾಕ್ಟರ್ರ," ಎಂದಳು. ಆಮೇಲೆ ಹಾಳೆಗೆ ಬೆನ್ನು ಹಾಕಿ, ಪುಸ್ತಕದ ಕಪಾಟಿಗೆ ಮುಖಮಾಡಿ ಕುರ್ಚಿಯ ಮೇಲೆ ಕೂತಳು. ಡಾಕ್ಟರು ಅವಳನ್ನು ತಿರುಗಿಸಿ ಕೂರಿಸಬೇಕೆಂದು ಏಳುವಷ್ಟರಲ್ಲಿ ಅಜ್ಜಿ ಕಪಾಟನ್ನು ದಿಟ್ಟಿಸಿ ಗಟ್ಟಿಯಾಗಿ ಹೇಳಿಬಿಟ್ಟಳು:

"ರಾಜಾ ಗವಿಯಾಗ ಟಪಾಲ ಕದ್ದ ಮಾನಗೇಡಿ!"

ಡಾಕ್ಟರು ಗಾಬರಿಯಾದರು. "ಯಾರಿಗೆ ಬೈತೀರಿ ಅಜ್ಜಿ?"

"ಯಾರಿಗೂ ಇಲ್ಲವ್ವಾ, ಓದಾಕತ್ತೇನಿ. ಪಾಸ್ ಆದ್ನಿಲ್ಲ?"

ಡಾಕ್ಟರು ಹಾಳೆಯನ್ನು ನೋಡಿದರು, ಕಪಾಟನ್ನು ನೋಡಿದರು, ಬೆರಳು ಮಡಿಸುತ್ತಾ ಅಕ್ಷರ ಹೊಂದಿಸಿ ನೋಡಿದರು. ಮುಖದ ಮೇಲೆ ನಗು ಬಂದದ್ದೇ ಕುರ್ಚಿಗೆ ಒರಗಿದರು. ಬಾಗಿಲಲ್ಲಿದ್ದವರೆಲ್ಲ ಮಾಸ್ತರ ಕಡೆ ತಿರುಗಿದರು. ಮಾಸ್ತರು ಮುಂದೆ ಬಂದು, "ಎಲ್ಲಾ ನನ್ನ ವಿದ್ಯಾರ್ಥಿಗಳು. ಒಂದ ವಾರದಾಗ ತಯಾರ ಮಾಡೇನಿ," ಎಂದು ಎದೆಯುಬ್ಬಿಸಿ ಹೇಳಿದರು.

"ಸರ್, ನೀವು ಭಾಳ ಚಲೋ ಕಲಿಸೀರಿ," ಎಂದರು ಡಾಕ್ಟರು. "ಆದ್ರ ಈ ಪರೀಕ್ಷಾದಾಗ ಫೇಲ್ ಆದವ್ರಿಗೇ ಚಸ್ಮಾ ಕೊಡೂದು."

ಹಿಂದಿನಿಂದ ಒಬ್ಬರು, "ಫೇಲ್ ಆದ್ರ ಕೊಡತಾರಂತಲೇ!" ಎಂದು ಕೂಗಿದರು. ಪಾಸಾಗಿ ಮನೆಗೆ ಹೋದವರೂ ಓಡಿ ಬಂದು ಮತ್ತೆ ಸಾಲಿನಲ್ಲಿ ನಿಂತರು. ಈಗ ಫೇಲಾಗುವುದರಲ್ಲಿ ಪೈಪೋಟಿ. ಚಾಚಾ ಕೂತವರೇ, "ಅಕ್ಷರ ಹೋಗ್ಲಿ ಬಿಡ್ರಿ, ನನಗ ಗೋಡೀನ ಕಾಣವಲ್ದು," ಎಂದರು.

"ಮತ್ತ ಟೆಂಪೋ ಹೆಂಗ ಹೊಡೀತೀರಿ?"

ಚಾಚಾ ಯೋಚಿಸಿದರು. "ಹಾರ್ನ್ ಹೊಡಕೋತ."

ಡಾಕ್ಟರು ಆ ಹಾಳೆಯನ್ನೇ ಸುತ್ತಿಟ್ಟು, ಚೀಲದಿಂದ ಬೇರೊಂದನ್ನು ತೆಗೆದು, ಬ್ಯಾಟರಿ ಹಿಡಿದು ಒಬ್ಬೊಬ್ಬರ ಕಣ್ಣನ್ನೂ ಮೊದಲಿನಿಂದ ನೋಡಿದರು. ಅಜ್ಜಿಯ ಒಂದು ಕಣ್ಣಿಗೆ ಪೊರೆ ಬಂದಿತ್ತು, ಬೈಲಹೊಂಗಲಕ್ಕೆ ಕರೆದುಕೊಂಡು ಹೋಗಿ ತೆಗೆಸುವುದೆಂದು ಅಲ್ಲೇ ಗೊತ್ತುಮಾಡಿದರು. ಚಾಚಾನಿಗೆ ಸ್ವಲ್ಪ ಮಂಜು, ಗೋಡೆ ಮಾತ್ರ ಚೆನ್ನಾಗಿಯೇ ಕಾಣುತ್ತಿತ್ತು.

ಕೊನೆಗೆ ಉಳಿದವರು ಮಾಸ್ತರು. "ನನಗೇನೂ ಬ್ಯಾಡ. ನನ್ನ ಕಣ್ಣ ಹದ್ದಿನಂಗ ಅದಾವ," ಎಂದು ಬಾಗಿಲಿಗೆ ಹೊರಟರು. ಆದರೆ ಹೋದದ್ದು ಬಾಗಿಲಿಗಲ್ಲ, ಕಿಟಕಿಗೆ. ಡಾಕ್ಟರು ಮೆಲ್ಲಗೆ ತೋಳು ಹಿಡಿದು ಕರೆತಂದು, ಪರೀಕ್ಷೆಯ ಚಸ್ಮಾ ಹಾಕಿ, ಗಾಜು ಬದಲಿಸುತ್ತಾ ಹೋದರು. ಒಂದು ಗಾಜು ಕೂತದ್ದೇ ಮಾಸ್ತರು ತಲೆಯೆತ್ತಿದರು. ಕಪಾಟು, ಫ್ಯಾನು, ಹೊರಗಿನ ಬೇವಿನ ಮರ ಎಲ್ಲವನ್ನೂ ನೋಡಿದರು. ಕಡೆಗೆ ನನ್ನನ್ನು ನೋಡಿದರು.

"ಯಾಕವಾ ತಂಗೀ," ಎಂದರು ಮರುಕದಿಂದ, "ಇಷ್ಟ ವಯಸ್ಸಾತೇನು ನಿನಗ?"

ಡಾಕ್ಟರು ನನ್ನ ಕಡೆ ನೋಡದೆ ಏನೋ ಬರೆದುಕೊಂಡರು.

ಕೆಲವು ದಿನಗಳಲ್ಲಿ ಚಸ್ಮಾಗಳು ಬಂದವು. ಊರವರೆಲ್ಲ ಒಬ್ಬರದನ್ನೊಬ್ಬರು ಹಾಕಿ ನೋಡಿ, ಬದಲಿಸಿಕೊಂಡು, ಜಗಳಾಡಿ, ಕೊನೆಗೆ ತಮ್ಮ ತಮ್ಮದನ್ನೇ ಇಟ್ಟುಕೊಂಡರು. ಅಜ್ಜಿಯ ಪೊರೆಯೂ ಹೋಯಿತು. ತನ್ನ ಸೊಸೆ ಕದ್ದು ಸಕ್ಕರೆ ತಿನ್ನುವುದು ಕಾಣತೊಡಗಿತೆಂದು ಖುಷಿಯಾಗಿದ್ದಳು.

ತೊಂದರೆ ಶುರುವಾದದ್ದು ಪೇಪರಿನಿಂದ. ಮಾಸ್ತರು ದಿನಾ ಮುಂಜಾನೆ ಗ್ರಂಥಾಲಯದಲ್ಲಿ ಓದಲು ಬಾರದವರಿಗೆ ಪೇಪರು ಓದಿ ಹೇಳುತ್ತಿದ್ದರು. ಚಸ್ಮಾ ಬರುವ ಮೊದಲು ಅವರು ಓದಿದ ಸುದ್ದಿಯಲ್ಲಿ ಮಂತ್ರಿಗಳು ಒಬ್ಬರಿಗೊಬ್ಬರು ನಾಟಕದವರ ಹಾಗೆ ಮಾತಿಗೆ ಮಾತು ಕೊಡುತ್ತಿದ್ದರು. ನವಿಲುತೀರ್ಥದ ಅಣೆಕಟ್ಟಿನಲ್ಲಿ ಎಮ್ಮೆ ಗಾತ್ರದ ಮೀನು ಸಿಕ್ಕಿದೆಯೆಂದು ಅವರು ಓದಿದ್ದು ಕೇಳಿ, ಚಾಚಾ ಟೆಂಪೋದಲ್ಲಿ ಜನರನ್ನು ತುಂಬಿಕೊಂಡು ನೋಡಲು ಹೋಗಿ ಬಂದಿದ್ದರು. ಈಗ ಮಾಸ್ತರು ಚಸ್ಮಾ ಏರಿಸಿ ಓದಿದರು: "ನವಿಲುತೀರ್ಥ ಜಲಾಶಯದಿಂದ ಕಾಲುವೆಗೆ ನೀರು ಬಿಡಲು ತೀರ್ಮಾನ."

"ಮೀನಿಂದೇನಾತ್ರಿ?" ಎಂದಳು ಅಜ್ಜಿ.

ಮಾಸ್ತರು ಹಾಳೆಯನ್ನು ಮೇಲೆ ಕೆಳಗೆ ಹುಡುಕಿದರು. "ಮೀನ ಇಲ್ಲವ್ವ ಇದರಾಗ."

"ನಿನ್ನೇನೂ ಇರಲಿಲ್ಲ, ಮೊನ್ನೇನೂ ಇರಲಿಲ್ಲ," ಎಂದರು ಚಾಚಾ ಸಿಟ್ಟಿನಿಂದ. "ಪೇಪರ್ ಬದಲೀ ಮಾಡ್ರಿ ಅಕ್ಕಾರ. ಇದು ಕೆಟ್ಟೋತು."

ಕೇಳುವವರು ಕಡಿಮೆಯಾದರು. ಮಾಸ್ತರು ಮಂಕಾಗಿ ಒಬ್ಬರೇ ಕೂರತೊಡಗಿದರು. ನೋಡಲಾರದೆ ಒಂದು ದಿನ ನಾನೇ ಹೇಳಿದೆ: "ಸರ್, ಮೊದಲು ಚಸ್ಮಾ ಹಾಕ್ಕೊಂಡು ಓದ್ರಿ. ಅದು ಮುಗದ ಮ್ಯಾಲ, ಚಸ್ಮಾ ತಗದಿಟ್ಟು ಇನ್ನೊಮ್ಮೆ ಓದ್ರಿ."

ಮಾಸ್ತರು ನನ್ನನ್ನು ಬಹಳ ಹೊತ್ತು ನೋಡಿದರು. ಮರುದಿನದಿಂದ ಹಾಗೆಯೇ ನಡೆದಿದೆ. ಮೊದಲ ಸಲ ಓದುವಾಗ ಒಂದಿಬ್ಬರು ಇರುತ್ತಾರೆ. ಮಾಸ್ತರು ಚಸ್ಮಾ ತೆಗೆದು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ ಟಪ್ ಸಪ್ಪಳ ಕೇಳಿದರೆ ಸಾಕು, ಕಟ್ಟೆಯ ಮೇಲಿದ್ದವರೆಲ್ಲ ಒಳಗೆ ಬಂದು ಬೆಂಚು ತುಂಬುತ್ತಾರೆ. ನಾನೂ ಪುಸ್ತಕ ಜೋಡಿಸುವುದನ್ನು ಬಿಟ್ಟು ಒಂದು ಸ್ಟೂಲು ಎಳೆದುಕೊಂಡು ಕೂರುತ್ತೇನೆ.