ಗುಂಯ್ ನಿಂತ ಮೇಲೆ

ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ ಅವನನ್ನು ಬೀದಿಯವರೆಲ್ಲ ಮೆಷಿನ್ ಮಾಮ ಎಂದೇ ಕರೆಯುತ್ತಿದ್ದರು. ಮದುವೆಯ ಗೋಜಿಗೆ ಹೋಗದೆ ಐವತ್ತು ದಾಟಿದ್ದ. ಗಂಡ ತೀರಿಕೊಂಡ ಅಕ್ಕ ಅವನ ಜೊತೆಗಿದ್ದಳು. ಅವನಿಗಿದ್ದ ಹುಚ್ಚು ಒಂದೇ: ಹಳೆಯ ರೇಡಿಯೋಗಳ ಕರುಳು ಬಗೆದು ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟುವುದು.

ಕಟ್ಟಿದ್ದೆಲ್ಲ ಹಾಡುತ್ತಿತ್ತು, ಜೊತೆಗೆ ಗುಂಯ್ ಎನ್ನುತ್ತಿತ್ತು. ಕರೆಂಟಿನ ಏರಿಳಿತ ಪೂರ್ತಿ ಸಮನಾಗದೆ ಸ್ಪೀಕರಿಗೆ ನುಸುಳುತ್ತಿತ್ತು. "ಹಾಡು ಕೇಳ್ತಿದ್ದೀಯೋ, ಜೇನು ಸಾಕ್ತಿದ್ದೀಯೋ?" ಎಂದು ಅಕ್ಕ ಕಾಲೆಳೆಯುತ್ತಿದ್ದಳು.

ಅವನು ಪಟ್ಟು ಬಿಡಲಿಲ್ಲ. ಟ್ರಾನ್ಸ್‌ಫಾರ್ಮರನ್ನು ಪೆಟ್ಟಿಗೆಯ ಆಚೆ ಮೂಲೆಗೆ ತಳ್ಳಿದ. ಅರ್ತಿಂಗ್ ತಂತಿಗಳನ್ನೆಲ್ಲ ಒಂದೇ ಕಡೆ ಸೇರಿಸಿ ಬೆಸೆದ. ಕರೆಂಟನ್ನು ತುಂಬಿಟ್ಟುಕೊಂಡು ಹದವಾಗಿ ಬಿಡುವ ದೊಡ್ಡ ಕೆಪಾಸಿಟರುಗಳನ್ನು ಕೂರಿಸಿದ. ಗುಂಯ್ ಅರ್ಧಕ್ಕಿಳಿಯಿತು.

ಒಂದು ಭಾನುವಾರ ಮಧ್ಯಾಹ್ನ, ಸೆಲ್ ಹಾಕಿದ ಟೇಪನ್ನು ಆಂಪ್ಲಿಫೈಯರಿಗೆ ಜೋಡಿಸಿ, ಅಮ್ಮನ ಹಾಡಿನ ಕ್ಯಾಸೆಟ್ ಇಟ್ಟು ಪರೀಕ್ಷಿಸುತ್ತಿದ್ದ. ಅವನು ಆರು ವರ್ಷದವನಿದ್ದಾಗ ತಾನೇ ಗುಂಡಿ ಒತ್ತಿ ರೆಕಾರ್ಡ್ ಮಾಡಿದ್ದ ಹಾಡು ಅದು. ಅಮ್ಮ ತೊಡೆ ತಟ್ಟುತ್ತಾ ಹಾಡಿದ್ದಳು. ನೂರಾರು ಸಲ ಕೇಳಿದ್ದ. ಸಾಕೆನಿಸಿ ಆಂಪ್ಲಿಫೈಯರಿನ ಪ್ಲಗ್ ಕಿತ್ತ.

ಕೆಪಾಸಿಟರುಗಳಲ್ಲಿ ಉಳಿದ ಕರೆಂಟಿನಿಂದ ಹಾಡು ಇನ್ನೂ ಮೂರು ನಾಲ್ಕು ಸೆಕೆಂಡ್ ಮುಂದುವರಿಯಿತು. ಗುಂಯ್ ಮಾತ್ರ ಪೂರ್ತಿ ಸತ್ತಿತ್ತು. ಆ ನಿಶ್ಶಬ್ದದಲ್ಲಿ, ಅಮ್ಮನ ದನಿಯ ಹಿಂದೆ, ಯಾರೋ ಉಸಿರಾಡಿದರು. ಸಣ್ಣ ಉಸಿರು. ಎಳೆಯುವಾಗ ಸಿಳ್ಳೆಯಂಥ ಶಬ್ದ.

ಅವನು ಕ್ಯಾಸೆಟ್ ಹಿಂದಕ್ಕೆ ಸುತ್ತಿದ. ಮತ್ತೆ ಪ್ಲಗ್ ಹಾಕಿ ಕಿತ್ತ. ಅದೇ ಉಸಿರು.

ಆ ವಾರವೆಲ್ಲ ಅಂಗಡಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಕೊನೆಗೆ ಕಬ್ಬಿಣದ ತಿರುಳಿಗೆ ತಾಮ್ರದ ತಂತಿ ಸುತ್ತಿ ಕರೆಂಟಿನ ಏರಿಳಿತ ತಡೆಯುವ ಒಂದು ಚೋಕನ್ನು ತಾನೇ ಮಾಡಿ, ಕೆಪಾಸಿಟರುಗಳ ನಡುವೆ ಬೆಸೆದ. ಪ್ಲಗ್ ಹಾಕಿ ಸ್ಪೀಕರಿಗೆ ಕಿವಿ ಹಚ್ಚಿದ. ಗುಂಯ್ ಇಲ್ಲ. ಅಕ್ಕನನ್ನು ಕರೆದು ಕ್ಯಾಸೆಟ್ ಹಾಕಿದ.

ಹಾಡಿನುದ್ದಕ್ಕೂ ಉಸಿರು ಕೇಳಿಸಿತು. ಅಕ್ಕ ಸ್ಪೀಕರಿನ ಕಡೆಗೆ ಬಾಗಿದಳು.

"ಪಕ್ಕದ ಮನೆ ಮಗು ಇರಬಹುದಲ್ವಾ ಅಕ್ಕ?"

"ಅಲ್ಲ. ನೀನು ಹುಟ್ಟೋಕೆ ಮುಂಚೆ ನನಗೆ ಇನ್ನೊಬ್ಬ ತಮ್ಮ ಇದ್ದ. ಉಬ್ಬಸ. ಎರಡು ವರ್ಷ ತುಂಬಲಿಲ್ಲ. ಅವನ ಹೆಸರೆತ್ತಬೇಡಿ ಅಂದಿದ್ದರು ಅಪ್ಪ. ಆ ಉಸಿರನ್ನ ಎದೆ ಮೇಲೆ ಮಲಗಿಸಿಕೊಂಡು ಕೇಳಿದ್ದೀನಿ ಕಣೋ, ಮರೆಯೋಕಾಗುತ್ತಾ?"

"ಈ ಟೇಪ್ ಮನೆಗೆ ಬಂದಿದ್ದೇ ನಾನು ಶಾಲೆಗೆ ಸೇರಿದ ಮೇಲೆ."

"ಗೊತ್ತು."

ಹಾಡಿನ ನಡುವೆ ಪುಟ್ಟದೊಂದು ಕೆಮ್ಮು ಬಂತು. ತಟ್ಟುವ ಸದ್ದು ನಿಧಾನವಾಯಿತು.

"ಅಮ್ಮ ತಾಳ ಹಾಕ್ತಿಲ್ಲ," ಎಂದಳು ಅಕ್ಕ. "ಬೆನ್ನು ತಟ್ಟುತ್ತಿದ್ದಾಳೆ."

ಅವನು ಆ ದಿನವನ್ನು ನೆನೆದ. ಟೇಪು ಹಿಡಿದು ಎದುರಿಗೇ ನಿಂತಿದ್ದ. ಅಮ್ಮನ ಮಡಿಲು ಖಾಲಿ ಇತ್ತು.

"ಚೋಕ್ ತೆಗೆದುಬಿಡ್ಲಾ ಅಕ್ಕ? ಮೊದಲಿನ ಹಾಗೆ ಗುಂಯ್ ಅನ್ನಲಿ."

"ಬೇಡ," ಎಂದಳು ಅಕ್ಕ. "ಇಷ್ಟು ವರ್ಷ ಯಾರೂ ಅವನ ಕಡೆ ಕಿವಿ ಕೊಟ್ಟಿಲ್ಲ."

ಅಂದಿನಿಂದ ದಿನಾ ಊಟವಾದ ಮೇಲೆ ಅವಳೇ ಕ್ಯಾಸೆಟ್ ಹಾಕಿಸಿಕೊಂಡು ಕೂರುತ್ತಾಳೆ. ಅವನೂ ಈಗ ಹೆದರುವುದಿಲ್ಲ, ಬಹುಮಟ್ಟಿಗೆ. ಆದರೆ ಹಾಡು ಶುರುವಾಗುತ್ತಿದ್ದಂತೆ ಅಕ್ಕ ಬೆಂಚಿನ ಮೇಲೆ ಪಕ್ಕದಲ್ಲಿ ಜಾಗ ಬಿಟ್ಟು ಸ್ವಲ್ಪ ಸರಿದು ಕೂರುತ್ತಾಳಲ್ಲ, ಆಗ ಅವನು ಆ ಕಡೆ ನೋಡುವುದಿಲ್ಲ.