ಸೂತಕದ ಮನೆಯ ಸಾಸಿವೆ

ಮೊನ್ನೆ ಭಾನುವಾರ ಬೆಳಿಗ್ಗೆ ಒಗ್ಗರಣೆಗೆ ಇಟ್ಟ ಎಣ್ಣೆ ಹೆಚ್ಚು ಕಾದುಬಿಟ್ಟಿತ್ತು. ಸಾಸಿವೆ ಹಾಕಿದ ಕೂಡಲೇ ಸಿಡಿದು, ಅದರ ಘಾಟು ಮಿಯಾಪುರದ ಈ ಪುಟ್ಟ ಅಡುಗೆಮನೆಯನ್ನೆಲ್ಲ ತುಂಬಿತು. ಕೆಮ್ಮುತ್ತ ಕಿಟಕಿ ತೆರೆದೆ. ಎದೆ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಹೆದರಿಕೆಯಿಂದಲ್ಲ... ಯಾರೋ ಮೆಟ್ಟಿಲು ಇಳಿದು ಬರುತ್ತಿದ್ದಾರೆ, ಇನ್ನೇನು ಬಾಗಿಲು ತಟ್ಟುತ್ತಾರೆ ಎನ್ನುವಂಥ ಸಂಭ್ರಮದಿಂದ. ಬರುವವರು ಯಾರೆಂದೂ ನನಗೆ ಗೊತ್ತಿತ್ತು. ಬಹಳ ವರ್ಷಗಳ ಹಿಂದೆ ಇದೇ ಊರಿನ ನಾಚಾರಂನ ಬಾಡಿಗೆ ಮನೆಯಲ್ಲಿ ನಮ್ಮ ಮೇಲಿನ ಮಹಡಿಯಲ್ಲಿದ್ದ ಕಾಕು.

ಆಗ ಮದುವೆಯಾಗಿ ಧಾರವಾಡದಿಂದ ಈ ತೆಲುಗು ನಾಡಿಗೆ ಬಂದ ಹೊಸತು. ನನ್ನವರಿಗೆ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಕೆಲಸ. ಹೊರಗೆ ಕಾಲಿಟ್ಟರೆ ತೆಲುಗು, ಇಲ್ಲವೇ ಹಿಂದಿ. ಮೇಲಿನ ಮನೆಯಿಂದ ಮಾತ್ರ ಕನ್ನಡ ಇಳಿದು ಬರುತ್ತಿತ್ತು, ಅದೂ ಜಗಳದ ಕನ್ನಡ. ಕಾಕು ಬೀದರ್ ಕಡೆಯವರು, ಕ್ರೈಸ್ತರು. ಅವರ ಯಜಮಾನರು ಕಲಬುರಗಿ ಕಡೆಯವರು, ಬೌದ್ಧರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಎರಡೂ ಮನೆಯವರನ್ನು ಎದುರು ಹಾಕಿಕೊಂಡು ಮದುವೆಯಾದವರು. ಅವರ ನಡುಮನೆಯ ಒಂದೇ ಗೋಡೆಯ ಮೇಲೆ ಯೇಸುವಿನ ಪಟವಿತ್ತು, ಪಕ್ಕದಲ್ಲೇ ನಾಂಪಲ್ಲಿಯ ವಾರ್ಷಿಕ ವಸ್ತುಪ್ರದರ್ಶನ ನುಮಾಯಿಶ್‌ನಲ್ಲಿ ಕೊಂಡ ಬುದ್ಧನ ಪಟ. ಭಾನುವಾರ ಕಾಕು ಚರ್ಚಿನಿಂದ ಬಂದು ಚಪ್ಪಲಿ ಬಿಡುವುದೇ ತಡ, ಶುರುವಾಗುತ್ತಿತ್ತು.

"ಇವತ್ತು ಏನ್ ಹೇಳ್ಯಾರ ನಿಮ್ಮ ಪಾದ್ರಿ?"

"ಸ್ವಾಮಿ ನೀರಿನ ಮ್ಯಾಲ ನಡದ ಕತಿ."

"ನಮ್ಮವ್ರು ಜನ್ಮಪೂರ್ತಿ ನೆಲದ ಮ್ಯಾಲೇ ನಡದ್ರು. ಅದು ಹೆಚ್ಚಿಂದು."

"ಹೆಂಡತಿ ಕೂಸು ಬಿಟ್ಟು ನಡದ್ರಲ್ಲ, ಅದೂ ಹೇಳ್ರಿ!"

"ನಿಮ್ಮವ್ರಿಗಿ ಹೆಂಡತಿನೇ ಇದ್ದಿಲ್ಲ. ಬಿಡೂ ತ್ರಾಸು ಅವ್ರಿಗೇನ್ ಗೊತ್ತು?"

ಕೆಳಗೆ ಅಕ್ಕಿ ಆರಿಸುತ್ತ ಕೂತ ನನಗೆ ನಗು ತಡೆಯುತ್ತಿರಲಿಲ್ಲ. ಆ ಇಬ್ಬರು ಗುರುಗಳ ಬಗ್ಗೆ ಶಾಲೆಯ ಪಾಠದಾಚೆ ಏನೂ ತಿಳಿಯದ ನಾನು ಭಾನುವಾರಕ್ಕಾಗಿ ಕಾಯತೊಡಗಿದ್ದೆ. ಒಬ್ಬರು ಅರಮನೆಯಲ್ಲಿ ಹುಟ್ಟಿ ಅದನ್ನು ಬಿಟ್ಟವರು, ಇನ್ನೊಬ್ಬರು ಹುಟ್ಟಿದ್ದೇ ದನದ ಕೊಟ್ಟಿಗೆಯಲ್ಲಿ. ದ್ವೇಷಿಸಿದವರನ್ನು ದ್ವೇಷಿಸಬೇಡಿ ಎಂದು ಇಬ್ಬರೂ ಹೇಳಿದರು. ಆದರೆ ಯೇಸು, ದಣಿದವರು ನನ್ನ ಬಳಿ ಬನ್ನಿ ಎಂದರು. ಬುದ್ಧ, ನಿನ್ನ ದೀಪ ನೀನೇ ಆಗು ಎಂದರು. ಎಷ್ಟು ಹತ್ತಿರ, ಎಷ್ಟು ದೂರ! ಪಾತ್ರೆ ತೊಳೆಯುವಾಗಲೂ ಅದೇ ಯೋಚನೆ. ನಾನು ಯಾರ ಕಡೆ? ವಾರಕ್ಕೊಮ್ಮೆ ಪಕ್ಷ ಬದಲಿಸುತ್ತಿದ್ದೆ.

ಮರುವರ್ಷ ನನ್ನ ಮೊದಲ ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು.

ಅದರ ಬಗ್ಗೆ ಹೆಚ್ಚು ಬರೆಯಲಾರೆ... ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಏಳಲಿಲ್ಲ. ಧಾರವಾಡದಿಂದ ಅವ್ವ ಬಂದಳು, ಬೇಡಿಕೊಂಡಳು, ಕಣ್ಣೊರೆಸಿಕೊಂಡು ಹೋದಳು. ನನ್ನವರು ಅನ್ನ ಬೇಯಿಸಿಟ್ಟು ಡ್ಯೂಟಿಗೆ ಹೋಗುತ್ತಿದ್ದರು. ಒಂದು ಸಂಗತಿ ಮಾತ್ರ ಸ್ಪಷ್ಟವಾಗಿ ನೆನಪಿದೆ. ಸೂತಕ ಕಳೆದಿದ್ದರೂ ಯಾರೂ ನಮ್ಮ ಮನೆಯಿಂದ ಏನನ್ನೂ ಕೇಳುತ್ತಿರಲಿಲ್ಲ. ಮೊದಲು ದಿನ ಬಿಟ್ಟು ದಿನ ಮೊಸರಿನ ಹೆಪ್ಪಿಗೆ ಬರುತ್ತಿದ್ದ ಪಕ್ಕದ ಮನೆಯಾಕೆ ಬಾಗಿಲ ಮುಂದೆಯೇ ಹಾದು ಬೇರೆ ಕಡೆ ಹೋಗುತ್ತಿದ್ದರು. ಕೂಸು ಸತ್ತ ಮನೆಯ ಹೆಪ್ಪು ಯಾರಿಗೆ ಬೇಕು?

ಒಂದು ಭಾನುವಾರ ಮೇಲೆ ಮತ್ತೆ ದನಿಗಳು ಎದ್ದವು. ಈ ಸಲ ಜಗಳ ನನ್ನ ವಿಷಯಕ್ಕೆ.

"ಕೂಸು ಕಳಕೊಂಡಾಕಿಗಿ, ಸಾವಿಲ್ಲದ ಮನಿ ಸಾಸಿವಿ ತಾ ಅಂತ ಊರು ತಿರುಗಸ್ತಾರೇನ್ರಿ? ಕಲ್ಲು ಮನಸಿನವ್ರು ನಿಮ್ಮ ಬುದ್ಧ! ನಮ್ಮ ಸ್ವಾಮಿನ್ನ ನೋಡ್ರಿ. ವಿಧವಿ ಮಗನ ಹೆಣ ಹೊಂಟಿತ್ತು. ಯಾರೂ ಕರೀಲಾರದ ತಾನೇ ಹೋಗಿ ಚಟ್ಟ ಮುಟ್ಟಿದ, ಹುಡುಗನ್ನ ಎಬ್ಬಿಸಿದ."

"ಒಬ್ಬಾಕಿ ಮಗನ್ನ ಎಬ್ಬಿಸಿದ. ಉಳದ ತಾಯಂದ್ರು? ಕೆಳಗಿನ ಹುಡುಗಿಗಿ ಏನ್ ಹೇಳ್ತಿ?"

ಉತ್ತರ ನನಗೂ ಬೇಕಾಗಿತ್ತು.

ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು. ಬಾಗಿಲು ತಟ್ಟಿ ಒಳಗೆ ಬಂದ ಕಾಕುವಿನ ಕೈಯಲ್ಲಿ ಖಾಲಿ ಬಟ್ಟಲು.

"ಯವ್ವಾ, ಒಂದ್ ಚಮಚಿ ಸಾಸಿವಿ ಕೊಡು."

"ನಮ್ಮ ಮನೀದು ಬ್ಯಾಡ್ರಿ ಕಾಕು. ಸಾವಾದ ಮನಿ ಐತಿ."

"ಗೊತ್ತದ. ಅದ್ಕೇ ಇಲ್ಲಿಗಿ ಬಂದೀನಿ. ನಮ್ಮದೂ ಅಂಥಾದೇ ಮನಿ."

ಗೋಡೆಯಿಂದ ಮುಖ ತಿರುಗಿಸಿದೆ. "ಯಾರ್ರಿ?"

"ಮಗಳು. ನಿನ್ನ ಕೂಸಿನಂಗೇ. ಹೆಸರಿಡೂ ಮೊದ್ಲೇ..."

ಅಷ್ಟು ದಿನ ಅವರ ನಗು ಕೇಳಿದ್ದೆ, ಜಗಳ ಕೇಳಿದ್ದೆ, ಇದು ಕೇಳಿರಲಿಲ್ಲ. ಎದ್ದು ಕೂತೆ, ನಿಂತೆ. ನೆಲ ತಣ್ಣಗಿತ್ತು. ಅಡುಗೆಮನೆಯ ಮೇಲಿನ ಹಲಗೆಯಿಂದ ಡಬ್ಬಿ ತೆಗೆಯುವಾಗ ಮುಚ್ಚಳ ಕಳಚಿ ಸಾಸಿವೆಯೆಲ್ಲ ಚೆಲ್ಲಿತು. ಕಾಳುಗಳು ಉರುಳಿ ಉರುಳಿ ಒಲೆಯ ಕಟ್ಟೆಯ ಕೆಳಗೆ ಹೋದವು. ಇಬ್ಬರೂ ಕುಕ್ಕರಗಾಲಲ್ಲಿ ಕೂತು ಬಳಿದೆವು, ಅತ್ತೆವು, ಯಾಕೋ ನಕ್ಕೆವು. ಅಳಬೇಡ ಎಂದು ಕಾಕು ಒಮ್ಮೆಯೂ ಹೇಳಲಿಲ್ಲ.

ಮೆಟ್ಟಿಲ ಮೇಲಿನಿಂದ ಕಾಕಾ ಕೂಗಿದರು: "ಏ, ಕತಿ ಉಲ್ಟಾ ಮಾಡಿದ್ಯಲ್ಲ! ಸಾವಿಲ್ಲದ ಮನಿಂದು ತರಬೇಕು!"

"ಮನಿಮನಿ ತಿರಗಲಾಕ ಈಕಿ ಕಾಲಾಗ ತ್ರಾಣ ಎಲ್ಲದ? ಸಾಸಿವಿ ನಿಮ್ಮವ್ರದು, ಕರೀಲಾರದ ಬಂದದ್ದು ನಮ್ಮವ್ರ ಕಲಿಸಿದ್ದು. ಹುಡುಗಿ ಎದ್ದಾಳ! ಬಾಯಿ ಮುಚ್ಚಗೊಂಡು ಚಾ ಇಡ್ರಿ!"

ಎದ್ದಾಳ. ನಿದ್ದೆಯಿಂದ ಏಳುವುದಕ್ಕೂ ಸತ್ತವರು ಏಳುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಮರದ ಕೆಳಗೆ ಎಚ್ಚೆತ್ತವರಿಗೂ ಗೋರಿಯಿಂದ ಹೊರಬಂದವರಿಗೂ ಸಲ್ಲುವ ಆ ಮಾತು ಅಂದು ನನಗೂ ಸಂದಿತು. ಮೇಲೆ ಹೋಗಿ ಚಹಾ ಕುಡಿದೆ. ಸಂಜೆಯವರೆಗೂ ಗೆದ್ದವರು ಯಾರೆಂದು ಅವರು ಜಗಳವಾಡಿದರು. ಹಬ್ಬದಂತಿತ್ತು.

ಕಾಕು ಹೋಗಿ ವರ್ಷವಾಗುತ್ತ ಬಂತು. ಮೊನ್ನೆ ಒಲೆ ಆರಿಸಿ, ಆ ಘಾಟು ಇಳಿಯುವ ಮೊದಲೇ ಮೆಟ್ರೋ ಹತ್ತಿ ಕಾಕಾನನ್ನು ನೋಡಲು ಹೋದೆ. ಈಗ ತಮ್ಮನ ಮಗನ ಮನೆಯಲ್ಲಿದ್ದಾರೆ. ನನ್ನನ್ನು ಕಂಡದ್ದೇ ಮುಖ ಅರಳಿತು.

"ಬಾ, ಬಾ. ನೀ ಇವತ್ತು ಬುದ್ಧನ ಕಡಿ ಕೂಡು. ಆಕಿ ಕಡಿ ಮಾತಾಡೋರು ಯಾರೂ ಇಲ್ಲ. ಅದ್ಕ ಆ ಕಡಿ ನಾನೇ ಹೋಗೀನಿ."

ನಾನೂ ಹುರುಪಿನಿಂದ ಶುರುಮಾಡಿದೆ. ಹುಟ್ಟಿದ್ದೆಲ್ಲ ಒಂದು ದಿನ ಅಳಿಯುವುದೇ, ಹಿಡಿದುಕೊಂಡರೆ ದುಃಖ ಎಂದೆ. ಕಾಕಾ ತಲೆಯಾಡಿಸಿದರು, ಥೇಟ್ ಕಾಕುವಿನಂತೆ.

"ಹೋದವ್ರು ಮತ್ತ ಸಿಗತಾರ ಅಂತ ನಮ್ಮ ಸ್ವಾಮಿ ಹೇಳ್ಯಾನ."

ನಮ್ಮ ಸ್ವಾಮಿ ಎಂದರು. ಯಾವತ್ತೂ ಹಾಗೆ ಅಂದವರಲ್ಲ. ಮತ್ತೆ ನನ್ನ ಮುಖವನ್ನೇ ನೋಡುತ್ತ ಕೂತರು. ಬುದ್ಧನ ಕಡೆಯಿಂದ ಅದಕ್ಕೆ ಕೊಡಬೇಕಾದ ಉತ್ತರ ನನಗೆ ಗೊತ್ತಿತ್ತು, ಕಲಿಸಿದವರೂ ಅವರೇ.

"ಸೋತೆ, ಕಾಕಾ," ಎಂದೆ.