ಕವುಚಿದ ಹೆಡಗೆಗಳು

ಮೌನ ಎಂದರೆ ಒಪ್ಪಿಗೆ ಎಂದು ಯಾರಾದರೂ ನನ್ನೆದುರು ಹೇಳಿದರೆ ಇವತ್ತಿಗೂ ಪಿತ್ತ ನೆತ್ತಿಗೇರುತ್ತದೆ. ಹೇಳಿದವನು ಗಿರಾಕಿಯಾದರೂ ಸರಿ, ಎದ್ದು ಹೋಗು ಮಾರಾಯ ಅನ್ನುತ್ತೇನೆ. ಗಂಗೊಳ್ಳಿ ಪೇಟೆಯಲ್ಲಿ ನನ್ನದೊಂದು ಇಂಟರ್‌ನೆಟ್, ಜೆರಾಕ್ಸ್ ಅಂಗಡಿ ಇದೆ. ನನ್ನ ಹೆಸರು ಚಂದು. ಸಿಡುಕ ಚಂದು ಎಂದು ಕೇಳಿದರೆ ಅಂಗಡಿ ಬೇಗ ಸಿಗುತ್ತದೆ. ನನ್ನ ಸಿಡುಕು ಹಾಗಿರಲಿ, ನಾನು ಹೇಳಹೊರಟದ್ದು ವನಜಕ್ಕನ ಕಥೆ.

ವನಜಕ್ಕ ಒಣಮೀನಿನ ವ್ಯಾಪಾರದವಳು. ೧೯೯೭ರಲ್ಲಿ ಅವಳ ಗಂಡ ಸೋಮನ ಬಲಗೈ ಬೋಟಿನಲ್ಲಿ ಬಲೆ ಎಳೆಯುವ ವಿಂಚಿಗೆ ಸಿಕ್ಕಿ ಜಜ್ಜಿಹೋಯಿತು. ಅಲ್ಲಿಗೆ ಅವನ ಕಡಲು ಮುಗಿಯಿತು. ಬೋಟಿನ ಧನಿ ಆಸ್ಪತ್ರೆಯ ಬಾಗಿಲ ತನಕ ಬಂದು ಹಣ್ಣು ಕೊಟ್ಟು ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ಮಗ ಸುಜಿತ್ ಇನ್ನೂ ಚಡ್ಡಿ ಹಾಕುವ ಪ್ರಾಯ. ಆಗ ಆ ಮನೆಯನ್ನು ನಿಲ್ಲಿಸಿದ್ದು ಹಿಂಬದಿಯ ಹೊಯ್ಗೆ. ಕಡಲಿಗೂ ತೆಂಗಿನ ಸಾಲಿಗೂ ನಡುವಿನ ಮರಳಿನ ಪಟ್ಟಿ ಅದು. ವನಜಕ್ಕ ಅಲ್ಲಿ ಹಳೇ ಬಲೆ ಹಾಸಿ, ಉಪ್ಪು ಹಾಕಿದ ಬಂಗುಡೆ ಹರವಿ ಒಣಗಿಸುತ್ತಿದ್ದಳು. ಒಣಗಿದ್ದನ್ನು ಹೊತ್ತು ಬಸ್ಸು ಹತ್ತಿ ಬೈಂದೂರು, ಬ್ರಹ್ಮಾವರದ ಸಂತೆಯಲ್ಲಿ, ಮಳೆಗಾಲದ ಮೊದಲು ಕೆರಾಡಿಯ ಮನೆಮನೆಗೆ ಹೋಗಿ ಮಾರುತ್ತಿದ್ದಳು. ಬಸ್ಸಿನಲ್ಲಿ ಮೂಗು ಮುಚ್ಚಿಕೊಂಡವರಿಗೆ ಅವಳ ಉತ್ತರ ತಯಾರಿರುತ್ತಿತ್ತು. "ಈಗ ಮೂಗ್ ಮುಚ್ಕಣಿ. ಆಷಾಢದಂಗೆ ಇದೇ ವಾಸ್ನಿ ಇಲ್ದಿರೆ ನಿಮ್ಗ್ ಗಂಜಿ ಇಳಿತಿಲ್ಲೆ."

ಆ ಹೊಯ್ಗೆಗೆ ಯಾರ ಹೆಸರಲ್ಲೂ ಪಟ್ಟೆ ಇಲ್ಲ. ಅವಳ ಅತ್ತೆ ಒಣಗಿಸಿದ ಜಾಗ, ಅತ್ತೆಯ ಅತ್ತೆ ಒಣಗಿಸಿದ ಜಾಗ. ಕೇರಿಯ ಹೆಂಗಸರೆಲ್ಲ ಅಲ್ಲೇ ಬದುಕಿದವರು.

ಇನ್ನು ನಮ್ಮ ಕೇರಿಯ ಒಂದು ಕ್ರಮ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬಂದರಿನಲ್ಲಿ ಮೀನು ಏಲಂ ಕೂಗುವಾಗ ದರ ಒಪ್ಪಿಗೆಯಾಗದಿದ್ದರೆ ನಮ್ಮ ಹೆಂಗಸರು ಬಾಯಲ್ಲಿ ಬೇಡ ಎನ್ನುವುದಿಲ್ಲ. ಗಂಡಸರು ನೀರಿನ ಮೇಲಿರುವಾಗ ದಡದಲ್ಲಿ ಹೆಂಗಸು ಬೇಡ ಎಂದರೆ, ಹೋದವರು ಬೇಡವಂತೆ ಎಂದು ಕಡಲು ತಿಳಿಯುತ್ತದೆ ಎಂಬ ನಂಬಿಕೆ. ಅದಕ್ಕೆ ಮೀನು ಹೊರುವ ಬುಟ್ಟಿಯನ್ನು, ಆ ಖಾಲಿ ಹೆಡಗೆಯನ್ನು, ನೆಲಕ್ಕೆ ಕವುಚಿ ಹಾಕಿ, ಬೆನ್ನು ತಿರುಗಿಸಿ ನಡೆಯುತ್ತಾರೆ. ಅದಕ್ಕಿಂತ ದೊಡ್ಡ ನಿರಾಕರಣೆ ಬಂದರಿನಲ್ಲಿ ಇಲ್ಲ. ಕವುಚಿದ ಮೇಲೆ ತಾವಾಗಿ ಮಾತಾಡಿದರೆ ಮರ್ಯಾದೆ ಹೋಯಿತು. ಏಲಂ ಕೂಗುವವನೇ ದರ ಇಳಿಸಿ ಹಿಂದೆ ಬರಬೇಕು. ಬರುತ್ತಾನೆ ಕೂಡ.

೨೦೦೮ರಲ್ಲಿ ದಿಲ್ಲಿಯಲ್ಲಿ ಕರಾವಳಿಗೆಲ್ಲ ಒಂದು ಹೊಸ ಕಾನೂನಿನ ಕರಡು ತಯಾರಾಯಿತು. ಕುಂದಾಪುರದ ಕಚೇರಿಯ ಬೋರ್ಡಿನಲ್ಲಿ ಒಂದು ಚೀಟಿ ಅಂಟಿಸಿದ್ದರಂತೆ. ಗಂಗೊಳ್ಳಿಗೆ ಒಂದು ಚೂರು ಕಾಗದ ಬರಲಿಲ್ಲ. ವನಜಕ್ಕ ಸಂತೆಯಲ್ಲಿ ಯಾರೋ ಹೇಳಿದ್ದು ಕೇಳಿ ನೇರ ನನ್ನ ಅಂಗಡಿಗೆ ಬಂದಳು.

"ಹ್ವಾಯ್ ಚಂದು, ದಿಲ್ಲಿಯಂಗೆ ನಮ್ ಹೊಯ್ಗಿ ಬಗ್ಗೆ ಎಂತದೋ ಬರ್ದಿದ್ರಂಬ್ರ್. ನಿನ್ನ ಪೆಟ್ಗಿಯಂಗೆ ಬತ್ತಾ ಕಾಣ್."

ಹುಡುಕಿದೆ, ಸಿಕ್ಕಿತು. ಪುಟಗಟ್ಟಲೆ ಇಂಗ್ಲಿಷು. ನಮ್ಮ ಹಣೆಬರಹವನ್ನು ನಮಗೆ ಬಾರದ ಭಾಷೆಯಲ್ಲಿ ಬರೆದು, ಎರಡು ತಿಂಗಳೊಳಗೆ ನಿಮ್ಮ ಅಭಿಪ್ರಾಯ ತಿಳಿಸಿ ಎಂದರೆ ಮೈ ಉರಿಯುವುದಿಲ್ಲವೇ? ನಿಘಂಟು ಇಟ್ಟುಕೊಂಡು ಓದಿದೆ. ಜೊತೆಗಿದ್ದ ನಕ್ಷೆಯಲ್ಲಿ ನಮ್ಮ ಹೊಯ್ಗೆಯ ಮೇಲೆ ಖಾಲಿ ಜಾಗ ಎಂದಿತ್ತು, ಪ್ರವಾಸೋದ್ಯಮಕ್ಕೆ ಯೋಗ್ಯವಂತೆ. ವನಜಕ್ಕನಿಗೆ ಹೇಳಿದಾಗ ಅವಳು ಪರದೆಯ ಹತ್ತಿರ ಬಗ್ಗಿ ನಕ್ಷೆ ನೋಡಿದಳು.

"ಅಳತಿ ಮಾಡುಕ್ ಬಂದವ್ರ್ ಮಳಿಗಾಲದಂಗೆ ಬಂದದ್ದ್," ಎಂದಳು. "ತಲಿ ಮೇಲೆ ಕೊಡಿ ಹಿಡ್ಕಂಡ್ ನಿಂತಿದ್ರ್. ಮಳಿ ಬಪ್ಪತಿಗೆ ಯಾರ್ ಮೀನ್ ಒಣ್ಸ್ತ್ರ್? ಖಾಲಿ ಅಲ್ದೆ ಇನ್ನೆಂತ ಕಾಂತ್ ಅವ್ರಿಗೆ?"

ಕುಂದಾಪುರದಲ್ಲಿ ಅಭಿಪ್ರಾಯ ಕೇಳುವ ಸಭೆ ಇತ್ತು. ಹೋಗಲೇಬೇಕು, ಹೋಗಿ ಮಾತಾಡಲೇಬೇಕು ಎಂದು ಸಾರಿ ಸಾರಿ ಹೇಳಿದೆ. ಅಂಗಡಿ ಬಿಟ್ಟು ನನಗೆ ಹೋಗಲಾಗಲಿಲ್ಲ. ಕೇರಿಯ ಗುರಿಕಾರ ಪ್ರೇಮಾನಂದ, ಎಂದರೆ ನಮ್ಮವರ ಮುಖಂಡ, ಟೆಂಪೋ ಮಾಡಿ ಎಲ್ಲರನ್ನೂ ಕರೆದುಕೊಂಡು ಹೋದ. ಸಂಜೆ ಜಾತ್ರೆ ಮುಗಿಸಿ ಬಂದವರ ಹಾಗೆ ಬಂದರು. ಅಂಗಡಿಯೆದುರು ಸೋಡಾ ಕುಡಿದರು.

"ಎಂತ ಹೇಳಿದ್ರಿ?" ಎಂದು ಕೇಳಿದೆ.

"ಹೇಳುಕ್ ಎಂತ ಇತ್ತ್? ಅವ್ರ್ ಆಕ್ಷೇಪಣೆ ಇತ್ತಾ ಕೇಂಡ್ರ್. ನಾವೆಲ್ಲ ಒಟ್ಟಿಗೆ ಎದ್ದ್ ನಿತ್ತ್, ಹೆಡ್ಗಿ ಕವ್ಚಿ ಹಾಕಿ ಬಂದದ್ದ್," ಎಂದಳು ವನಜಕ್ಕ. ಅವಳ ಮುಖದಲ್ಲಿ ಗೆದ್ದ ಕಳೆ ಇತ್ತು.

ನನಗೆ ತಲೆ ಕೆಟ್ಟುಹೋಯಿತು. ಬೆಂಗಳೂರಿಂದ ಬಂದ ಆಫೀಸರಿಗೆ ಹೆಡಗೆಯ ಭಾಷೆ ಬರುತ್ತದೆಯೇ? ಇನ್ನೂ ಮೂರು ವಾರ ಬಾಕಿ ಇದೆ, ಒಂದು ಅರ್ಜಿ ಬರೆದು ಸಹಿ ಹಾಕಿ ಕಳಿಸೋಣ ಎಂದೆ. ಪ್ರೇಮಾನಂದ ಕೈ ಅಡ್ಡ ಹಿಡಿದ.

"ಕವ್ಚಿದ್ ಮೇಲೆ ನಾವೇ ಬಾಯಿ ಬಿಟ್ರೆ ಭಿಕ್ಷೆ ಬೇಡ್ದಂಗ್ ಆತ್ತ್. ಬೇಕಾರೆ ಅವ್ರೇ ಬತ್ರ್, ಸುಮ್ನೆ ಕೂಕೊ."

ಬರಲಿಲ್ಲ. ಮೂರು ವಾರ ಕಳೆಯಿತು. ಬಂದದ್ದು ಸಭೆಯ ವರದಿ. ಮೀನುಗಾರ ಮಹಿಳೆಯರು ಹೆಚ್ಚಿನ ಸಂಖ್ಯೆಯಲ್ಲಿ ಹಾಜರಿದ್ದರು, ಆಕ್ಷೇಪಣೆ ಯಾರಿಂದಲೂ ಬರಲಿಲ್ಲ ಎಂದು ಬರೆದಿದ್ದರು. ಹೆಡಗೆಗಳ ಬಗ್ಗೆ ಒಂದು ಶಬ್ದ ಇಲ್ಲ. ಅವನ್ನು ಆ ದಿನವೇ ಸಭಾಭವನದ ಜವಾನ ಗುಡಿಸಿ ಹಿತ್ತಲಿಗೆ ಎಸೆದಿದ್ದನಂತೆ.

ಮುಂದಿನ ವರ್ಷ ಹೊಯ್ಗೆಯ ತೆಂಕಣ ಅರ್ಧಕ್ಕೆ ಕಲ್ಲುಕಂಬ ಬಿದ್ದವು. ಯಾವುದೋ ವಿಹಾರಧಾಮವಂತೆ. ಆ ಕರಡು ದಿಲ್ಲಿಯಲ್ಲೇ ಮಣ್ಣು ಹಿಡಿಯಿತು, ಕಾನೂನಾಗಲೇ ಇಲ್ಲ. ಆದರೆ ಜನರ ಆಕ್ಷೇಪಣೆ ಇಲ್ಲ ಎಂಬ ಆ ವರದಿ ಮಾತ್ರ ಇಲ್ಲಿ ವಿಹಾರಧಾಮಕ್ಕೆ ಅನುಮತಿ ಕೊಡಲು ಚೆನ್ನಾಗಿ ಕೆಲಸಕ್ಕೆ ಬಂತು. ಹೊಟ್ಟೆಗೆ ಬೆಂಕಿ ಬೀಳುವುದು ಅದಕ್ಕೇ. ವನಜಕ್ಕ ಕಚೇರಿಗೆ ಓಡಿದಳು, ನಾನೂ ಜೊತೆಗೆ ಹೋದೆ.

"ನಾವ್ ಆಗ್ಳೇ ಒಪ್ಪದೆ ಬಂದದ್ದಲ್ದಾ?" ಎಂದು ಕೇಳಿದಳು.

"ಬೇಡ ಅಂತ ಯಾರು ಹೇಳಿದ್ರಿ ಅಮ್ಮ? ಬಾಯಿ ಬಿಡಲಿಲ್ಲವಲ್ಲ. ಮೌನಂ ಸಮ್ಮತಿ ಲಕ್ಷಣಂ," ಎಂದ ಆಫೀಸರು. ಹೇಳಿ ನಕ್ಕ ಬೇರೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಬೈದದ್ದು ಆಫೀಸರನ್ನಲ್ಲ. ಪ್ರೇಮಾನಂದನನ್ನು ಬೈದಳು, ಕೇರಿಯವರನ್ನು ಬೈದಳು, ತನ್ನನ್ನೂ ಬೈದುಕೊಂಡಳು. ಆ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಆಮೇಲೆ ಸಂತೆಯಿಂದ ಬರುವ ದಾರಿಯಲ್ಲಿ ನನ್ನ ಅಂಗಡಿಗೆ ಹತ್ತುವುದು ಅವಳ ರೂಢಿಯಾಯಿತು. ಹೆಡಗೆ ಹೊರಗಿಟ್ಟು ಕೇಳುತ್ತಿದ್ದಳು, "ದಿಲ್ಲಿಯಂಗೆ ಎಂತ ಹೊಸ್ತ್?" ನಾನು ಇಲಾಖೆಯ ಪುಟ ತೆರೆದು ನೋಡುತ್ತಿದ್ದೆ. ಕಾನೂನು ಆಕಾಶದಿಂದ ಬೀಳುವುದಿಲ್ಲ ಎಂದು ಇಬ್ಬರೂ ಒಟ್ಟಿಗೇ ಕಲಿತೆವು. ಮೊದಲು ಕರಡು ಬರುತ್ತದೆ, ಅದಕ್ಕೆ ಇಂತಿಷ್ಟು ದಿನ ಎಂದು ಬಾಗಿಲು ತೆರೆದಿರುತ್ತದೆ. ಮಸೂದೆಯಾಗಿ ಸಂಸತ್ತಿಗೆ ಹೋದರೆ ಕೆಲವೊಮ್ಮೆ ಸಮಿತಿ ಕೂರುತ್ತದೆ, ಜನ ಬರೆದು ತಿಳಿಸಿ ಎಂದು ಪೇಪರಿನ ಮೂಲೆಯಲ್ಲಿ ಜಾಹೀರಾತು ಹಾಕುತ್ತಾರೆ. ನೋಡಿದವರಿಗೆ ಉಂಟು, ನೋಡದವರಿಗೆ ಇಲ್ಲ. ಅವಳು ಜೊತೆಗೆ ಮೀನು ಒಣಗಿಸುವ ಪುಷ್ಪನ ಮನೆ ಜಗಲಿಯಲ್ಲಿ ಕೂತು ಇದನ್ನೆಲ್ಲ ಕೇರಿಯ ಹೆಂಗಸರಿಗೆ ಹೇಳುತ್ತಿದ್ದಳು. ಅವರು ಹೂಂಗುಟ್ಟಿ ಏಳುತ್ತಿದ್ದರು.

೨೦೧೦ರಲ್ಲಿ ಇನ್ನೊಂದು ಕರಡು ಬಂತು, ಇನ್ನೊಂದು ಸಭೆ ನಿಗದಿಯಾಯಿತು. ಉಳಿದ ಅರ್ಧ ಹೊಯ್ಗೆಯೂ ನಕ್ಷೆಯಲ್ಲಿ ಖಾಲಿಯೇ. ಅದೂ ಹೋದರೆ ಒಣಗಿಸಲು ಮನೆಯ ಮಾಡಿನ ಹೊರತು ಜಾಗವಿಲ್ಲ. ಸುಜಿತ್ ಅಷ್ಟರಲ್ಲಿ ದೊಡ್ಡವನಾಗಿ ಬೋಟಿಗೆ ಹೋಗುತ್ತಿದ್ದ. ಸಭೆಯ ದಿನ ಬೆಳಗ್ಗೆಯೇ ಕಡಲಿಗಿಳಿದಿದ್ದ, ಅದೂ ಗಾಳಿಯ ದಿನ. ನಾನು ಈ ಸಲ ಅಂಗಡಿಗೆ ಬೀಗ ಹಾಕಿ ಹೋದೆ. ಪ್ರೇಮಾನಂದ ಕರೆತಂದ ಹೆಂಗಸರು ಮತ್ತೆ ಹೆಡಗೆ ತಂದಿದ್ದರು. ನೋಡಿಯೇ ನನ್ನ ರಕ್ತ ಕುದಿಯಿತು. ವನಜಕ್ಕ ಮಾತ್ರ ಬರಿಗೈಯಲ್ಲಿ ಬಂದಿದ್ದಳು.

ಆಕ್ಷೇಪಣೆ ಇದೆಯೇ ಎಂದು ಆಫೀಸರು ಕೇಳಿದ. ಹೆಡಗೆಗಳು ಕವುಚಿದವು. ಹೆಂಗಸರು ಬಾಗಿಲ ಕಡೆ ತಿರುಗಿದರು. ವನಜಕ್ಕ ಮೈಕಿನ ಹತ್ತಿರ ಹೋದಳು. ಅದನ್ನು ತನ್ನ ಬಾಯಿಯ ಮಟ್ಟಕ್ಕೆ ಬಗ್ಗಿಸಿಕೊಂಡಳು.

"ಬೇಡ," ಎಂದಳು.

ಬಾಗಿಲಲ್ಲಿದ್ದ ಹೆಂಗಸರು ನಿಂತುಬಿಟ್ಟರು. ಪುಷ್ಪ ಬಾಯಿಗೆ ಸೆರಗು ಒತ್ತಿಕೊಂಡು, "ಮಗ ನೀರ್ ಮೇಲಿದ್ದ ಅಕ್ಕ," ಎಂದಳು.

"ಗೊತ್ತಿತ್ತ್," ಎಂದು ವನಜಕ್ಕ ಮತ್ತೆ ಮೈಕಿಗೆ ತಿರುಗಿದಳು. "ಅದ್ ಖಾಲಿ ಜಾಗ ಅಲ್ಲ. ನಾವ್ ಮೀನ್ ಒಣ್ಸು ಜಾಗ. ಅಲ್ಲಿ ಬೇರೆ ಎಂತದೂ ಬೇಡ. ಇದನ್ನ ಬರ್ಕಣಿ. ಬರ್ದದ್ದನ್ನ ಓದಿ ಹೇಳಿ. ಅಲ್ಲಿವರಿಗೆ ನಾನ್ ಇಲ್ಲಿಂದ ಹೋತಿಲ್ಲೆ."

ಆಫೀಸರು ಬರೆದ, ಓದಿದ. ಒಬ್ಬರ ಆಕ್ಷೇಪಣೆ ದಾಖಲಾಗಿದೆ ಎಂದ. ಒಬ್ಬರ ಎಂಬ ಶಬ್ದ ಕೇಳಿ ಅವಳು ಹೆಂಗಸರ ಕಡೆ ತಿರುಗಿದಳು.

"ನಾಕ್ ಬಂಗ್ಡಿ ಕಡ್ಮಿ ಆರೆ ಇಡೀ ಬಂದ್ರಿಗ್ ಕೇಂಬಂಗ್ ಬೈತ್ರಿ. ಇಲ್ಲ್ ಎಂತ, ನಾಲ್ಗಿ ಹೆಡ್ಗಿ ಅಡಿಯಂಗೆ ಬಿತ್ತಾ?"

ಪುಷ್ಪ ಬಂದಳು. ಮೈಕಿನ ಹತ್ತಿರ ಅಳುತ್ತಲೇ ಬೇಡ ಎಂದಳು. ಅವಳ ಹಿಂದೆ ಇನ್ನೂ ಕೆಲವರು ಬಂದರು. ಉಳಿದವರು ಹೊರಗೆ ಟೆಂಪೋದಲ್ಲಿ ಕೂತರು. ಪ್ರೇಮಾನಂದ ಅವರ ಜೊತೆ ಕೂತ.

ಆ ಹೇಳಿಕೆಗಳು ವರದಿಯಲ್ಲಿ ಉಳಿದವು. ಎಷ್ಟೋ ತಿಂಗಳ ನಂತರ ತಿದ್ದಿದ ನಕ್ಷೆ ಬಂದಾಗ ಬಡಗಣ ಅರ್ಧದ ಮೇಲೆ ಮೀನು ಒಣಗಿಸುವ ಸ್ಥಳ ಎಂದು ಬರೆದಿತ್ತು. ತೆಂಕಣ ಅರ್ಧ ತಿರುಗಿ ಬರಲಿಲ್ಲ. ಅಲ್ಲೀಗ ಬಣ್ಣದ ಕೊಡೆ, ಕುರ್ಚಿ. ಬೇಲಿಯಾಚೆಯಿಂದ ಮೀನಿನ ವಾಸನೆ ಎಂದು ದೂರು ಬೇರೆ. ಬಾಯಿ ಬಿಟ್ಟ ಅರ್ಧ ಉಳಿಯಿತು, ಬಿಡದ ಅರ್ಧ ಹೋಯಿತು, ಅಷ್ಟೇ.

ಆದರೆ ನನಗೆ ನಕ್ಷೆಗಿಂತ ಹೆಚ್ಚು ನೆನಪಿರುವುದು ಸಭೆಯ ದಿನದ ಸಂಜೆ. ಟೆಂಪೋ ಇಳಿದ ವನಜಕ್ಕ ಮನೆಗೆ ಹೋಗಲಿಲ್ಲ. ನೇರ ಹೊಯ್ಗೆಗೆ ಹೋಗಿ, ಬೋಟುಗಳು ಕಡಲಿಂದ ಹೊಳೆಗೆ ಬರುವ ಅಳಿವೆಯ ಕಡೆ ಮುಖ ಮಾಡಿ ನಿಂತಳು. ಸೋಮ ಒಂದು ಕೈಯಲ್ಲಿ ಚಾ ಹಿಡಿದುಕೊಂಡು ಬಂದ. ಅವಳು ಮುಟ್ಟಲಿಲ್ಲ. ಬೋಟುಗಳು ಒಂದೊಂದಾಗಿ ಒಳಗೆ ಬಂದವು, ಸುಜಿತನದು ಕಾಣಲಿಲ್ಲ. ಕೇರಿಯ ಹೆಂಗಸರು ದೂರದಲ್ಲಿ ಗುಂಪಾಗಿ ನಿಂತಿದ್ದರು, ಒಬ್ಬಳೂ ಹತ್ತಿರ ಬರಲಿಲ್ಲ. ಹೊತ್ತು ಮುಳುಗುವ ಹೊತ್ತಿಗೆ ಕೊನೆಯ ಬೋಟು ಅಳಿವೆ ದಾಟಿತು. ಮುಂಭಾಗದಲ್ಲಿ ಹಗ್ಗ ಸುತ್ತುತ್ತ ಸುಜಿತ್ ನಿಂತಿದ್ದ.

ವನಜಕ್ಕ ಹೊಯ್ಗೆಯ ಮೇಲೆ ಕೂತುಬಿಟ್ಟಳು. ಸೋಮನ ಕೈಯಿಂದ ತಣಿದ ಚಾ ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದಳು. ಆಮೇಲೆ ನನ್ನ ಕಡೆ ನೋಡಿದಳು. ಕಣ್ಣು ಇನ್ನೂ ಉರಿಯುತ್ತಿತ್ತು.

"ನಾನ್ ಬೇಡ ಅಂದದ್ದ್ ಯಾರಿಗೆ ಅಂದೇಳಿ ಕಡ್ಲಿಗ್ ಗೊತ್ತಾಯ್ತ್ ಕಾಣ್," ಎಂದಳು.